ಅತ್ತೆಯ ಗಾಳಕ್ಕೊಂದು ಗಾಲಿ

ಗಾಲಿಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ಕೆಂಪು ಚುಕ್ಕೆ. ಉಗುರುಬಣ್ಣದ್ದು. ಗಾಲಿ ನಿಂತಿದೆಯೋ ತಿರುಗುತ್ತಿದೆಯೋ ದೂರದಿಂದಲೇ ತಿಳಿಯಲಿ ಎಂದು ನಾನೇ ಇಟ್ಟದ್ದು. ನಯವಾಗಿ ತಿರುಗುವ ಗಾಲಿಯ ತೊಂದರೆಯೆಂದರೆ ನಿಂತಾಗಲೂ ಓಡುವಾಗಲೂ ಅದು ಒಂದೇ ಥರ ಕಾಣುತ್ತದೆ. ಚುಕ್ಕೆ ಇದ್ದರೆ ಓಡುವಾಗ ಅಂಚಿನ ಸುತ್ತ ತೆಳುವಾದ ಕೆಂಪು ಬಳೆ ಮೂಡುತ್ತದೆ. ವೇಗ ತಗ್ಗಿದಂತೆ ಬಳೆ ಒಡೆದು ಮತ್ತೆ ಚುಕ್ಕೆಯಾಗುತ್ತದೆ.

"ಅಂತೂ ಆ ಬಾಟ್ಲಿಗೆ ಒಂದು ಗತಿ ಕಾಣಿಸ್ದೆ ಬುಡವ್ವ," ಎಂದರು ಮಾವ. "ಮದ್ವೆ ಮನೆಗೆ ಹೋಗುವಾಗ್ಲೂ ಹಚ್ಕೊಂಡೋಳಲ್ಲ ನೀನು."

ಮಾವ ಎಂದರೆ ನನ್ನ ಅಪ್ಪನ ಅಕ್ಕನ ಗಂಡ. ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ತುರುವೇಕೆರೆಯ ಪಿಯು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ ಮೇಲೆ ನಾನು ಅವರ ಮನೆಯಲ್ಲಿಯೇ ಇದ್ದೇನೆ. ದಬ್ಬೇಘಟ್ಟದ ಕಡೆಯ ಒಂದು ಸಣ್ಣ ಊರು. ಬಸ್ಸು ಹತ್ತಿದರೆ ಕಾಲೇಜು ದೂರವಲ್ಲ. ರಸ್ತೆಯ ಕಡೆಗೆ ಕಿಟಕಿ ಇರುವ ಕೋಣೆಯನ್ನು ನನಗೆ ಕೊಟ್ಟಿದ್ದಾರೆ. ನಾನು ಬಾಗಿಲು ಹಾಕಿಕೊಂಡರೆ ಅತ್ತೆ ತಟ್ಟುವುದಿಲ್ಲ. ಬೇರೆ ಯಾರ ಮನೆಯಲ್ಲೂ ನನಗೆ ಈ ಅನುಕೂಲ ಸಿಕ್ಕಿಲ್ಲ.

ಗಾಲಿ ಅತ್ತೆಯ ಗಾಳಕ್ಕೆ.

ತೋಟದ ಹಿಂದೆ ಹೇಮಾವತಿ ನಾಲೆಯ ಒಂದು ಕವಲು ಹರಿದು ಬಂದು ಊರ ಕೆರೆಗೆ ಬೀಳುತ್ತದೆ. ಊರಿನವರು ಅದನ್ನು ಚಾನಲ್ ಎನ್ನುತ್ತಾರೆ. ನೀರು ಬಿಟ್ಟಿರುವ ತಿಂಗಳುಗಳಲ್ಲಿ ನಾಲೆಯ ಬಾಯಿಯ ಹತ್ತಿರ ಮೀನು ಸೇರುತ್ತವೆ. ಬೆಳಕು ಹರಿಯುವ ಮುಂಚೆ, ಹಾಲು ಕರೆಯುವುದಕ್ಕೂ ಮುಂಚೆ, ಅತ್ತೆ ಒಂದು ಬಿದಿರು ಗಳು ಹಿಡಿದು ಅಲ್ಲಿಗೆ ಹೋಗುತ್ತಿದ್ದಳು. ವಾಪಸು ಬರುವಾಗ ತೆಂಗಿನ ಗರಿಯ ಕಡ್ಡಿಗೆ ಪೋಣಿಸಿದ ಒಂದಷ್ಟು ಪಕ್ಕೆ ಮೀನೋ ಒಂದು ಜಿಲೇಬಿ ಮೀನೋ ಇರುತ್ತಿತ್ತು. ಎಷ್ಟೋ ದಿನ ಏನೂ ಇರುತ್ತಿರಲಿಲ್ಲ. ಏನೂ ಇಲ್ಲದ ದಿನವೂ ಅವಳ ಮುಖದಲ್ಲಿ ವ್ಯತ್ಯಾಸ ಕಾಣದೆ ಮೊದಲು ನನಗೆ ಆಶ್ಚರ್ಯವಾಗಿತ್ತು. ಆಮೇಲೆ ಅರ್ಥವಾಯಿತು. ಅವಳ ದಿನದ ಉಳಿದ ಹೊತ್ತೆಲ್ಲ ಯಾರಾದರೊಬ್ಬರದು: ಹಸುವಿನದು, ಡೇರಿಯದು, ಒಲೆಯದು, ಕೊಬ್ಬರಿ ಒಡೆಯಲು ಕರೆಯುವ ಸಾಹುಕಾರರದು. ನಾಲೆಯ ಬಳಿಯ ಆ ಹೊತ್ತಿನಲ್ಲಿ ಮಾತ್ರ ಅವಳನ್ನು ಯಾರೂ ಕರೆಯುತ್ತಿರಲಿಲ್ಲ.

ಹೋದ ವರ್ಷ ಅಟ್ಟದ ಮೇಲೆ ಕಾಯಿ ಹರಡಿ ಇಳಿಯುವಾಗ ಏಣಿಯಿಂದ ಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲ, ಆದರೆ ಬಲಭುಜ ಹಿಡಿದುಕೊಂಡಿತು. ತಿಪಟೂರಿನ ಡಾಕ್ಟರು ನೋಡಿ, ಮೊಣಕೈಯಿಂದ ಕೆಳಗೆ ಏನೂ ಆಗಿಲ್ಲ, ಭುಜ ಮಾತ್ರ ಬಿಡಲು ಬಹಳ ಕಾಲ ಬೇಕು, ಪೂರ್ತಿ ಬಿಡದೆಯೂ ಇರಬಹುದು ಎಂದರು. ಎದೆಯ ಮಟ್ಟಕ್ಕಿಂತ ಮೇಲೆ ಅವಳ ಕೈ ಏಳುವುದಿಲ್ಲ. ಗಳುವಿನ ಗಾಳಕ್ಕೆ ಬೇಕಾದದ್ದೇ ಅದು. ಗಳುವಿನ ತುದಿಗೆ ದಾರ, ದಾರಕ್ಕೆ ಬೆಂಡು, ಬೆಂಡಿನ ಕೆಳಗೆ ಗಾಳ. ಹರಿಯುವ ನೀರು ಬೆಂಡನ್ನು ದಾರದ ಉದ್ದದವರೆಗೆ ಒಯ್ಯುತ್ತದೆ, ಅಲ್ಲಿಗೆ ಮುಗಿಯಿತು. ಗಳು ಎತ್ತಬೇಕು, ಮೇಲಕ್ಕೆ ಬೀಸಿ ಮತ್ತೆ ಇಳಿಬಿಡಬೇಕು. ಬೆಳಗಾಗುವವರೆಗೂ ಎತ್ತುವುದು, ಬೀಸುವುದು.

ಗಳು ಕೊಟ್ಟಿಗೆಯ ಸೂರಿಗೆ ಸೇರಿತು. ಅತ್ತೆ ಮಾತ್ರ ಅದೇ ಹೊತ್ತಿಗೆ ಏಳುತ್ತಿದ್ದಳು. ಶಾಲು ಹೊದ್ದು ಜಗಲಿಯ ಮೇಲೆ ಸುಮ್ಮನೆ ಕುಳಿತಿರುವುದು ನನ್ನ ಕಿಟಕಿಯಿಂದ ಕಾಣುತ್ತಿತ್ತು.

ಈ ಸಲ ನೀರು ಬಿಟ್ಟ ಮೇಲೆ ಒಂದು ಸಂಜೆ ಸೊಪ್ಪು ಬಿಡಿಸುತ್ತ, "ಚಾನಲ್ ನೀರು ನಿಲ್ಲಲಿ. ಆ ಬಿದಿರ್ನ ಹಂಡೆ ಒಲೆಗೆ ಇಕ್ತೀನಿ," ಎಂದಳು. "ಸೂರ್ನಾಗೆ ಇಟ್ಕೊಂಡು ದಿನಾ ಯಾಕೆ ನೋಡ್ಬೇಕು."

"ಅದ್ರಾಗೆ ನನ್ ಪಂಚೆ ಒಣಗಾಕ್ತೀನಲ್ಲೇ," ಎಂದರು ಮಾವ.

"ನಿಮ್ ಪಂಚೆಗೆ ಇಡೀ ಊರೇ ಐತೆ. ಎಲ್ ಬೇಕಾರೆ ಒಣಗಾಕ್ಕಳಿ."

ಅವಳ ಧ್ವನಿಯಲ್ಲಿ ಸಿಟ್ಟಿದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಇರಲಿಲ್ಲ. ನೀರು ನಿಲ್ಲುವುದರೊಳಗೆ ಏನಾದರೂ ಮಾಡಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅವಳಿಗೆ ಹೇಳಲಿಲ್ಲ.

ಮೊದಲು ತಂದದ್ದು ಪೇಟೆಯಲ್ಲಿ ಕೋಲಿನ ಜೊತೆಗೆ ಸಿಗುವ ಮಾಮೂಲಿ ರೀಲು. ಅದರಲ್ಲಿ ದಾರ ಸುತ್ತಿದ ಉಂಡೆ ಅಲುಗುವುದಿಲ್ಲ. ಎಸೆದಾಗ ದಾರ ಅದರ ಅಂಚಿನಿಂದ ಜಾರಿ ಹೋಗುತ್ತದೆ, ಹಿಡಿ ತಿರುಗಿಸಿದರೆ ಒಂದು ತಂತಿಯ ತೋಳು ಸುತ್ತ ಓಡಾಡಿ ದಾರವನ್ನು ಮತ್ತೆ ಸುತ್ತುತ್ತದೆ. ಒಳಗೆಲ್ಲ ಹಲ್ಲುಚಕ್ರ. ಒಳ್ಳೆಯ ಯಂತ್ರವೇ, ಆದರೆ ಎಸೆಯಲು ಭುಜ ಬೇಕು. ಅತ್ತೆ ಒಮ್ಮೆ ಪ್ರಯತ್ನಿಸಿದಳು, ತುಟಿ ಕಚ್ಚಿಕೊಂಡಳು, ರೀಲನ್ನು ನನ್ನ ಕೈಗೆ ಕೊಟ್ಟಳು.

ಆಗ ನೆನಪಾದವರು ನನ್ನ ಗೆಳತಿಯ ತಂದೆ. ಮೈಸೂರಿನವರು. ಕೆಲಸದಿಂದ ನಿವೃತ್ತರಾದ ಮೇಲೆ ಹಳೆಯ ಗಾಳದ ರೀಲುಗಳನ್ನು ಕೂಡಿಡುತ್ತ ಬಂದವರು. ಓದುವ ದಿನಗಳಲ್ಲಿ ಅವರ ಮನೆಗೆ ಊಟಕ್ಕೆ ಹೋದಾಗ ಗಾಜಿನ ಬೀರುವಿನಲ್ಲಿ ಅವುಗಳನ್ನು ನೋಡಿದ್ದೆ. ಫೋನ್ ಮಾಡಿ ಅತ್ತೆಯ ಭುಜದ ವಿಷಯ ಹೇಳಿದೆ. ಅವರು, "ನೀರು ಹರೀತಿದೆಯಾ, ನಿಂತಿದೆಯಾ?" ಎಂದು ಕೇಳಿದರು. ಹರಿಯುತ್ತಿದೆ ಎಂದೆ. "ಹಾಗಾದ್ರೆ ಎಸೆಯೋದೇ ಬೇಡ. ನೀರೇ ತಗೊಂಡು ಹೋಗುತ್ತೆ. ಸೆಂಟರ್‌ಪಿನ್ ನೋಡಿ," ಎಂದರು.

ಸೆಂಟರ್‌ಪಿನ್ ಎಂದರೆ ಇಷ್ಟೇ: ನಡುವೆ ಒಂದು ಕಡ್ಡಿ, ಕಡ್ಡಿಯ ಮೇಲೆ ತಿರುಗುವ ಒಂದು ಅಗಲವಾದ ಗಾಲಿ, ಗಾಲಿಗೇ ಅಂಟಿದ ಹಿಡಿ. ಹಲ್ಲುಚಕ್ರ ಇಲ್ಲ. ಕೈ ಒಂದು ಸುತ್ತು ಬಂದರೆ ಗಾಲಿಯೂ ಒಂದು ಸುತ್ತು. ದಾರ ಹೊರಗೆ ಹೋಗಬೇಕಾದರೆ ಗಾಲಿ ತಿರುಗಲೇಬೇಕು. ತೇಲಿ ಹೋಗುವ ಬೆಂಡು ಗಾಲಿಯನ್ನು ತಿರುಗಿಸುತ್ತ ತನಗೆ ಬೇಕಾದ ದಾರವನ್ನು ತಾನೇ ಎಳೆದುಕೊಳ್ಳುತ್ತದೆ. ಅದನ್ನು ತಡೆಯಲು ಹೆಬ್ಬೆರಳು ಅಂಚಿನ ಮೇಲೆ. ಮೊಣಕೈ ಪಕ್ಕೆಗೆ ಒತ್ತಿಕೊಂಡೇ ಇರಬಹುದು. ಇದನ್ನು ಕೇಳಿದ ದಿನವೇ ನನಗೆ ಮೈಸೂರಿನ ಬಸ್ಸು ಹಿಡಿಯಬೇಕೆನಿಸಿತು. ಭಾನುವಾರದವರೆಗೆ ಕಾದೆ.

ಅವರು ಎರಡು ರೀಲುಗಳನ್ನು ಚಪ್ಪಲಿ ಡಬ್ಬಿಯೊಂದರಲ್ಲಿಟ್ಟು ಕೊಟ್ಟು, ಬಳಸಿ ನೋಡಿ ಹಿಂತಿರುಗಿಸಿ ಎಂದರು. ಮೂರನೆಯದನ್ನು ಕೊಡಲಿಲ್ಲ. ಅದು ಅವರ ತಂದೆಯದಂತೆ. ಬಿಚ್ಚಿ ಅಳತೆ ತೆಗೆದುಕೊಳ್ಳಲು ಮಾತ್ರ ಬಿಟ್ಟರು. ಕಾಲೇಜಿನ ಲ್ಯಾಬಿನಲ್ಲಿ ಮಕ್ಕಳಿಗೆ ಕಲಿಸುವ ವರ್ನಿಯರ್ ಕ್ಯಾಲಿಪರ್ ಆವತ್ತು ನನ್ನ ಚೀಲದಲ್ಲಿತ್ತು.

ತಂದ ಎರಡರಲ್ಲಿ ಒಂದಕ್ಕೆ ಬಾಲ್ ಬೇರಿಂಗ್. ಬೆರಳಿನಿಂದ ತಟ್ಟಿ ಒಳಗೆ ಹೋಗಿ ನೀರು ಕುಡಿದು ಬಂದರೂ ತಿರುಗುತ್ತಲೇ ಇರುತ್ತಿತ್ತು. ಅಂಗಳದಲ್ಲಿ ಅದನ್ನು ನೋಡಿದ ಮಾವ, "ಇದು ಗಾಲಿಯಲ್ಲ ಕಣವ್ವ, ಮೊಬೈಲ್ ಹಿಡ್ಕೊಂಡ ಹೈಕ. ಶುರು ಆದ್ರೆ ನಿಲ್ಲದೇ ಇಲ್ಲ," ಎಂದರು. ನಾಲೆಯಲ್ಲಿ ಅದೇ ಆಯಿತು. ಬೆಂಡು ಎಳೆದಾಗ ಗಾಲಿ ಸಲೀಸಾಗಿ ಎದ್ದಿತು. ಮುಂದೆ ನೀರು ಸುಳಿಯುವ ಕಡೆ ಬೆಂಡು ನಿಧಾನವಾಯಿತು, ಗಾಲಿ ನಿಧಾನವಾಗಲಿಲ್ಲ. ಎಳೆಯುವವರಿಲ್ಲದೆ ಹೊರಬಂದ ದಾರ ಹಿಡಿಗೂ ಕೋಲಿಗೂ ಸುತ್ತಿಕೊಂಡು ಗುಬ್ಬಚ್ಚಿ ಗೂಡಾಯಿತು. ಹೆಬ್ಬೆರಳನ್ನು ಎಷ್ಟು ಹಗುರವಾಗಿ ಇಡಬೇಕೆಂಬುದು ವರ್ಷಗಟ್ಟಲೆ ಹಿಡಿದವರಿಗೆ ಗೊತ್ತಿರುತ್ತದೆ. ಅತ್ತೆ ಒತ್ತಿದರೆ ಪೂರ್ತಿ ನಿಲ್ಲುತ್ತಿತ್ತು, ಬಿಟ್ಟರೆ ಗೂಡು ಕಟ್ಟುತ್ತಿತ್ತು. ರೀಲಿನ ಬೆನ್ನಿಗೆ ಒಂದು ಗುಂಡಿ ಇತ್ತು. ಒತ್ತಿದರೆ ಒಳಗಿನ ಹಲ್ಲಿಗೆ ಒಂದು ನಾಲಿಗೆ ತಾಗಿ ಕಟಕಟ ಶಬ್ದ. ಕೋಲನ್ನು ನೆಲಕ್ಕಿಟ್ಟು ಕೂತಾಗ ಮೀನು ಎಳೆದದ್ದು ಕೇಳಲಿ ಎಂದು ಅದನ್ನು ಇಡುತ್ತಾರೆ. ಆ ಸದ್ದು ಅತ್ತೆಗೆ ಬಹಳ ಹಿಡಿಸಿತು, ಆದರೆ ನಾಲಿಗೆ ತಾಗಿಸಿದರೆ ಬೆಂಡಿಗೆ ಗಾಲಿಯನ್ನು ಎಳೆಯುವಷ್ಟು ಶಕ್ತಿ ಇರಲಿಲ್ಲ.

ಎರಡನೆಯದರ ಮೇಲೆ ಮಾವನಿಗೆ ಮೋಹ. ಅದರ ಗಾಲಿಯನ್ನು ಕಾಲು ಸುತ್ತು ಹೊರಳಿಸಿ ಮುಖವನ್ನು ನೀರಿನ ಕಡೆ ಮಾಡಬಹುದು. ಹಾಗೆ ಮಾಡಿ ಎಸೆದರೆ ದಾರ ಮಾಮೂಲಿ ರೀಲಿನಂತೆ ಅಂಚಿನಿಂದ ಜಾರಿ ದೂರ ಹೋಗುತ್ತದೆ. ಮತ್ತೆ ಮೊದಲಿನ ಹಾಗೆ ಹೊರಳಿಸಿ ಸುತ್ತಿಕೊಳ್ಳಬೇಕು. ನಿಂತ ನೀರಿಗೆ, ದೂರಕ್ಕೆ, ಒಳ್ಳೆಯ ಉಪಾಯ. ಆದರೆ ಜಾರುವ ಒಂದೊಂದು ಸುರುಳಿಯೂ ದಾರದಲ್ಲಿ ಒಂದೊಂದು ತಿರುಚು ಬಿಡುತ್ತದೆ. ಸುತ್ತುವಾಗ ಅದು ಬಿಚ್ಚಿಕೊಳ್ಳುವುದಿಲ್ಲ. ಮಾವ ಸಂಜೆವರೆಗೆ ಎಸೆದು ದಾರವನ್ನು ಹುರಿ ಮಾಡಿದರು.

"ಇನ್ನೊಂದ್ ನಾಲ್ಕ್ ದಿನ ಬುಟ್ರೆ ಹಸ ಕಟ್ಟಾಕೆ ಹಗ್ಗ ಸಿಗ್ತದೆ," ಎಂದಳು ಅತ್ತೆ. ಮತ್ತೆ, ಅಷ್ಟೇ ಹಗುರವಾಗಿ, "ಅದೂ ಬೀಸ್ಬೇಕಲ್ಲವ್ವ. ನಂಗಾಗಲ್ಲ," ಎಂದಳು.

ಉಳಿದದ್ದು ನನ್ನ ಅಳತೆಯ ಮೂರನೆಯದು. ಅದಕ್ಕೆ ಬೇರಿಂಗ್ ಇಲ್ಲ. ಹಿಂದಿನ ತಟ್ಟೆಗೆ ಒಂದು ಉಕ್ಕಿನ ಕಡ್ಡಿ ನೆಟ್ಟಿದೆ, ಬುಡದಲ್ಲಿ ದಪ್ಪ, ತುದಿಗೆ ಸಣ್ಣ. ಗಾಲಿಯ ನಡುವೆ ಕಂಚಿನಂಥ ಗನ್‌ಮೆಟಲ್ಲಿನ ಕೊಳವೆ. ಪೆನ್ನಿಗೆ ಮುಚ್ಚಳ ಹಾಕುವಂತೆ ಗಾಲಿಯನ್ನು ಕಡ್ಡಿಯ ಮೇಲೆ ಇಳಿಸುವುದು. ಕೊಳವೆಯ ಮೇಲ್ಗಡೆ ಒಂದು ಪುಟ್ಟ ಸ್ಕ್ರೂ, ಅದರ ತುದಿ ಕಡ್ಡಿಯ ತುದಿಗೆ ತಾಗುತ್ತದೆ. ಸ್ಕ್ರೂ ಬಿಗಿದರೆ ಗಾಲಿ ಕೂದಲೆಳೆಯಷ್ಟು ಮೇಲೇಳುತ್ತದೆ, ಬುಡದ ದಪ್ಪ ಭಾಗಕ್ಕೆ ತಿಕ್ಕುವುದು ಕಡಿಮೆಯಾಗಿ ಸಡಿಲವಾಗಿ ತಿರುಗುತ್ತದೆ. ಸ್ಕ್ರೂ ಸಡಿಲಿಸಿದರೆ ಕೆಳಗೆ ಕೂತು ಸ್ವಲ್ಪ ಹಿಡಿಯುತ್ತದೆ. ಎಷ್ಟು ಹಿಡಿಯಬೇಕೆಂಬುದನ್ನು ನಾವೇ ಗೊತ್ತುಮಾಡಬಹುದು. ಅತ್ತೆಯ ಹೆಬ್ಬೆರಳು ಕಲಿಯುವವರೆಗೆ ಅದರ ಅರ್ಧ ಕೆಲಸವನ್ನು ಈ ಸ್ಕ್ರೂ ಮಾಡಲಿ ಎಂಬುದು ನನ್ನ ಯೋಚನೆ.

ತುರುವೇಕೆರೆಯಲ್ಲಿ ತೆಂಗಿನಕಾಯಿ ಸುಲಿಯುವ ಯಂತ್ರ, ಪಂಪಿನ ಶಾಫ್ಟು ರಿಪೇರಿ ಮಾಡುವ ಒಬ್ಬರ ಲೇತ್ ಇದೆ. ಗ್ರಾಫ್ ಹಾಳೆಯ ಮೇಲೆ ಬರೆದದ್ದನ್ನು ಅವರ ಮುಂದೆ ಬಿಡಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಬೇರಿಂಗ್ ಹಾಕ್ಸಿ ಮೇಡಂ. ಜನ್ಮಕ್ಕೆ ತಿರುಗ್ತದೆ."

"ಅಷ್ಟು ತಿರುಗಬಾರದು."

"ಗಾಲಿ ತಿರುಗಬಾರ್ದು ಅನ್ನೋ ಗಿರಾಕೀನ ಇವತ್ತೇ ನೋಡಿದ್ದು ಕಣ್ರೀ," ಎಂದು ಪಕ್ಕದ ಚಹಾ ಅಂಗಡಿಯವರಿಗೂ ಕೇಳುವಂತೆ ಹೇಳಿದರು. "ಏನಕ್ಕೆ ಇದು, ಕಾಲೇಜಿನ ಪ್ರಾಜೆಕ್ಟಾ?"

"ಮೀನು ಹಿಡಿಯೋದಕ್ಕೆ."

"ಯಾರು, ನೀವಾ?"

"ನಮ್ಮತ್ತೆ."

ಅವರು ನಗಲಿಲ್ಲ. ಹಾಳೆಯನ್ನು ಇನ್ನೊಮ್ಮೆ ನೋಡಿ, ಗಾಲಿಯ ಮುಖಕ್ಕೆ ತೂತು ಹೊಡೆಯೋಣವೇ ಎಂದು ಕೇಳಿದರು. ನಾನೂ ಅದನ್ನೇ ಹೇಳಬೇಕೆಂದಿದ್ದೆ. ಗಾಲಿ ಭಾರವಾದಷ್ಟೂ, ಅದರಲ್ಲೂ ಅಂಚಿನ ಕಡೆ ಭಾರವಾದಷ್ಟೂ, ಅದನ್ನು ಎಬ್ಬಿಸುವುದೂ ಕಷ್ಟ, ಎದ್ದದ್ದನ್ನು ನಿಲ್ಲಿಸುವುದೂ ಕಷ್ಟ. ಇದನ್ನು ನಾನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುತ್ತೇನೆ. ತಲೆಗೂದಲಲ್ಲಿ ಅಲ್ಯೂಮಿನಿಯಂ ಚೂರು ಸಿಕ್ಕಿಸಿಕೊಂಡು ಅದನ್ನು ಯೋಚಿಸಿದ್ದು ಅದೇ ಮೊದಲು.

ಗಾಲಿ ಸಿದ್ಧವಾಗುವ ಹೊತ್ತಿಗೆ ಮಾವ ಬಿದಿರಿನ ಗಳುವನ್ನು ಕತ್ತರಿಸಿ ಗಿಡ್ಡ ಮಾಡಿದ್ದರು. ತಂತಿ ಬಗ್ಗಿಸಿ ಉಂಗುರ ಮಾಡಿ, ಮರಳುಕಾಗದದಲ್ಲಿ ಉಜ್ಜಿ, ದಾರ ಹಾಯಲು ಅಲ್ಲಲ್ಲಿ ಬಿಗಿದು ಕಟ್ಟಿದ್ದರು. ಪಂಚೆ ಈಗ ಬೇಲಿಯ ಮೇಲೆ ಒಣಗುತ್ತಿತ್ತು.

ಆ ಭಾನುವಾರ ಮಧ್ಯಾಹ್ನ ಮೂವರೂ ನಾಲೆಯ ಬಳಿಗೆ ಹೋದೆವು. ಮೀನಿನ ಹೊತ್ತಲ್ಲ ಅದು. ಗಾಲಿಯನ್ನು ನೋಡಲಷ್ಟೇ. ಅತ್ತೆ ಕಲ್ಲಿನ ಮೇಲೆ ಕೂತು, ಕೋಲಿನ ಬುಡವನ್ನು ಪಕ್ಕೆಗೆ ಒತ್ತಿಕೊಂಡು, ಹೆಬ್ಬೆರಳನ್ನು ಅಂಚಿನ ಮೇಲಿಟ್ಟಳು. ನಾನು ಸ್ಕ್ರೂವನ್ನು ಸ್ವಲ್ಪ ಸಡಿಲಿಸಿದೆ, ಮತ್ತೆ ಸ್ವಲ್ಪ ಬಿಗಿದೆ. ಬೆಂಡನ್ನು ಕಾಲಡಿಯ ನೀರಿಗೆ ಬಿಟ್ಟಳು. ಅದು ಒಂದು ಕ್ಷಣ ತಡವರಿಸಿ ಹೊರಟಿತು. ಗಾಲಿಯ ಚುಕ್ಕೆ ಅಲುಗಿತು. ಬೆಂಡು ಹೋಗುತ್ತ ಹೋಗುತ್ತ ಅವಳ ಹಳೆಯ ಗಳು ಮುಟ್ಟುತ್ತಿದ್ದ ಜಾಗವನ್ನು ದಾಟಿತು. ಮುಂದೆ ಹೊಂಗೆಮರದ ನೆರಳು. ಅಲ್ಲಿ ದೊಡ್ಡ ಗೆಂಡೆ ಮೀನುಗಳು ಇರುತ್ತವೆ ಎಂದು ಅವಳು ಎಷ್ಟೋ ಸಲ ಹೇಳಿದ್ದಳು, ಆದರೆ ಅಲ್ಲಿಗೆ ಅವಳ ಗಾಳ ಯಾವತ್ತೂ ಹೋಗಿರಲಿಲ್ಲ.

"ಬುಡ್ತಾ ಐತೆ ಕಣೇ," ಎಂದಳು ಮೆಲ್ಲಗೆ. "ಕೇಳ್ದಷ್ಟೂ ಬುಡ್ತಾ ಐತೆ."

ಎಡಗೈಯಿಂದ ಹಿಡಿ ತಿರುಗಿಸಿ ಸುತ್ತಿಕೊಂಡಳು. ಮತ್ತೆ ಬಿಟ್ಟಳು. ಮಾವ ಬೀಡಿ ಹಚ್ಚುವುದನ್ನೂ ಮರೆತು ನೋಡುತ್ತಿದ್ದರು. ಒಂದು ಮೀನೂ ಬೀಳಲಿಲ್ಲ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮನೆಗೆ ಬರುವ ದಾರಿಯಲ್ಲಿ ನಾನು, ಕೊಳವೆ ಒಣಗಿದೆ, ಒಂದು ತೊಟ್ಟು ಎಣ್ಣೆ ಬಿಡಬೇಕು ಎಂದೆ.

ಸಂಜೆ ನೀರುಗಂಟಿ ಮನೆಯ ಮುಂದೆ ಹಾದು ಹೋಗುವಾಗ ಮಾವನಿಗೆ ಕೂಗಿ ಹೇಳಿದ: "ಮಂಗಳವಾರ ಮಧ್ಯಾಹ್ನಕ್ಕೆ ತೂಬು ಇಳಿಸ್ತಾರಂತೆ ಕಣಪ್ಪ. ಈ ವರ್ಷಕ್ಕೆ ಮುಗೀತು." ಅತ್ತೆ ಒಳಗಿನಿಂದ ಕೇಳಿಸಿಕೊಂಡಳು. "ನಾಳಿಕ್ಕೆ ಬೆಳಿಗ್ಗೆ ಹೋಗ್ತೀನಿ," ಎಂದಳು. ನನ್ನನ್ನೂ ಕರೆದಳು. ಏನಾದರೂ ಕೈಕೊಟ್ಟರೆ ನೋಡುವವರು ಬೇಕಲ್ಲ.

ಸೋಮವಾರ ಬೆಳಿಗ್ಗೆ ನಾಲೆಯ ಮೇಲೆ ಹೊಗೆಯಂತೆ ಮಂಜು. ನಮ್ಮ ಕಡೆಯ ಡಿಸೆಂಬರಿನ ಚಳಿ ಬಯಲಿನಲ್ಲಿ ಕಿವಿಯನ್ನೇ ಮೊದಲು ಹಿಡಿಯುತ್ತದೆ. ಅತ್ತೆ ಬೆಂಡನ್ನು ಬಿಟ್ಟಳು. ಅದು ಒಂದು ಮಾರು ಹೋಗಿ ತಟಕ್ಕನೆ ಮುಳುಗಿತು. ಮೀನೆಂದುಕೊಂಡು ಅವಳು ಎಳೆದಳು. ಮೀನಲ್ಲ. ದಾರ ಬಿಗಿದು ನೀರಿನ ರಭಸಕ್ಕೆ ಬೆಂಡು ಕೆಳಗಿಳಿದಿತ್ತು. ಟಾರ್ಚ್ ಹಾಕಿ ನೋಡಿದರೆ ಚುಕ್ಕೆ ಇದ್ದಲ್ಲೇ ಇತ್ತು. ಗಾಲಿಯನ್ನು ಬೆರಳಿನಿಂದ ತಳ್ಳಿದೆ. ಅಂಟಿನಲ್ಲಿ ಸಿಕ್ಕಂತೆ ಸ್ವಲ್ಪ ಜರುಗಿ ನಿಂತಿತು. ಸ್ಕ್ರೂ ಬಿಗಿದೆ, ಬಿಟ್ಟೆ. ವ್ಯತ್ಯಾಸವಿಲ್ಲ. ಅತ್ತೆ ಕೈಯಿಂದಲೇ ದಾರ ಎಳೆದು ಬಿಟ್ಟು ನೋಡಿದಳು. ಕೊನೆಗೆ ಹಳೆಯ ಅಭ್ಯಾಸದಂತೆ ಕೋಲನ್ನು ಮೇಲೆತ್ತಿ ಬೀಸಲು ಹೋದಳು. ಅರ್ಧಕ್ಕೇ ಅವಳ ಉಸಿರು ನಿಂತದ್ದು ನನಗೆ ಕೇಳಿಸಿತು.

ಕೋಲನ್ನು ಹುಲ್ಲಿನ ಮೇಲೆ ಮಲಗಿಸಿ, ಎಡಗೈಯಿಂದ ಭುಜ ಹಿಡಿದುಕೊಂಡಳು.

"ಸಾಕು ಕಣವ್ವ. ನೀನೂ ಎಷ್ಟು ಅಂತ ಒದ್ದಾಡ್ತೀಯ. ನಂಗೂ ಇದ್ಕೂ ಋಣ ಮುಗೀತು ಅಂತ ಕಾಣ್ತದೆ."

"ಅತ್ತೆ, ಏನಾಗಿದೆ ನೋಡ್ತೀನಿ."

"ನೋಡು. ನೋಡಿ ಅವ್ರಿಗೆ ಕಳಿಸ್ಬುಡು, ಮೈಸೂರ್ನೋರ್ಗೆ." ಅದು ಮೈಸೂರಿನದಲ್ಲ, ಅವಳದೇ. ಅವಳು ಎದ್ದು ಹೋಗಿ ಹಸುವಿನ ಬಳಿ ಕೂತಳು. ಆ ದಿನ ಹಾಲು ಡೇರಿಗೆ ಎಲ್ಲರಿಗಿಂತ ಮೊದಲು ಹೋಯಿತು.

ನನಗೆ ಕಾಲೇಜು ಮಧ್ಯಾಹ್ನಕ್ಕಿತ್ತು. ಗಾಲಿಯನ್ನು ಜಗಲಿಯ ಮೇಲಿಟ್ಟುಕೊಂಡು ಕುಳಿತೆ. ಚಳಿಗೆ ಲೋಹ ಕುಗ್ಗಿ ಹಿಡಿದಿರಬಹುದೇ ಎಂದು ಮೊದಲು ಅನುಮಾನ ಬಂತು. ಲೆಕ್ಕ ಹಾಕಿ ನೋಡಿದೆ. ನಮ್ಮ ಚಳಿ ಅಷ್ಟು ದೊಡ್ಡದಲ್ಲ, ಕೊಳವೆಯ ಸಡಿಲದ ಮುಂದೆ ಆ ಕುಗ್ಗುವಿಕೆ ಏನೇನೂ ಅಲ್ಲ. ಅಷ್ಟರಲ್ಲಿ ಅತ್ತೆ ತಿಂಡಿಗೆ ಕರೆದಳು. ತಿಂದು ಬರುವ ಹೊತ್ತಿಗೆ ಜಗಲಿಯ ಮೇಲೆ ಬಿಸಿಲು ಬಂದಿತ್ತು. ಬೇಸರದಿಂದ ಗಾಲಿಯನ್ನು ತಟ್ಟಿದೆ. ಅದು ಹೊರಟಿತು. ಕೆಂಪು ಬಳೆ ಮೂಡಿತು. ಏನೂ ಆಗಿಯೇ ಇಲ್ಲವೆಂಬಂತೆ ತಿರುಗಿತು.

ಬಿಸಿಲಿಗೆ ವಾಸಿಯಾಗುವ ರೋಗ. ಗಾಲಿಯನ್ನು ಕಡ್ಡಿಯಿಂದ ಎತ್ತಿ, ಕೊಳವೆಯೊಳಗೆ ಬೆರಳಾಡಿಸಿ ಮೂಸಿದೆ. ನಮ್ಮ ಅಡುಗೆಮನೆಯ ವಾಸನೆ. ಅತ್ತೆಯ ಜಡೆಯ ವಾಸನೆ.

ಅಡುಗೆಮನೆಗೆ ಹೋದೆ. ಕಿಟಕಿಯ ಗೂಡಿನಲ್ಲಿದ್ದ ಬಾಟಲಿ ಕತ್ತಿನವರೆಗೂ ಬೆಳ್ಳಗೆ ಹೆಪ್ಪುಗಟ್ಟಿತ್ತು.

"ಅತ್ತೆ, ಗಾಲಿಗೆ ಎಣ್ಣೆ ಬಿಟ್ಯಾ?"

"ನೆನ್ನೆ ರಾತ್ರಿ ಬುಟ್ಟೆ. ನೀನೇ ಅಂದ್ಯಲ್ಲ ಒಂದ್ ತೊಟ್ಟು ಬುಡ್ಬೇಕು ಅಂತ. ನಾನು ಚೆನ್ನಾಗೇ ಬುಟ್ಟೆ."

"ಯಾವ ಎಣ್ಣೆ?"

"ಯಾವ ಎಣ್ಣೆ ಅಂದ್ರೆ?" ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಈ ಮನೇಲಿ ಇನ್ಯಾವ ಎಣ್ಣೆ ಐತವ್ವ? ನಮ್ ಕೊಬ್ಬರೀದೇ. ಗಾಣದ್ದು. ಅಂಗಡೀದಲ್ಲ."

ಬೀಗ ಬಿಗಿಯಾದರೆ, ಬಾಗಿಲು ಕಿರುಗುಟ್ಟಿದರೆ, ಕೂಸಿನ ನೆತ್ತಿಗೆ, ಎತ್ತಿನ ಕೊಂಬಿಗೆ, ಒಡೆದ ಹಿಮ್ಮಡಿಗೆ, ಎಲ್ಲಕ್ಕೂ ಅದೇ. ಒಂದು ವಸ್ತುವಿನ ಮೇಲೆ ಪ್ರೀತಿ ಬಂತೆಂದರೆ ನಮ್ಮ ಕಡೆಯವರ ಕೈ ತಾನಾಗಿ ಆ ಬಾಟಲಿಗೆ ಹೋಗುತ್ತದೆ. ಚಳಿಗಾಲದಲ್ಲಿ ತಲೆಗೆ ಹಚ್ಚಿಕೊಳ್ಳುವ ಮುಂಚೆ ಅದನ್ನು ಕಾಂಪೌಂಡಿನ ಮೇಲೆ ಬಿಸಿಲಿಗಿಡಬೇಕೆಂಬುದೂ ಎಲ್ಲರಿಗೂ ಗೊತ್ತು. ನಾನು ಬಾಟಲಿಯನ್ನು ಎತ್ತಿ ತಲೆಕೆಳಗು ಮಾಡಿದೆ. ಒಂದು ಹನಿಯೂ ಬೀಳಲಿಲ್ಲ. ಅತ್ತೆ ಬಾಟಲಿಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಕೈ ಮೆಲ್ಲಗೆ ಬಾಯಿಗೆ ಹೋಯಿತು.

ಬಾಗಿಲಲ್ಲಿ ನಿಂತಿದ್ದ ಮಾವನಿಗೂ ಅರ್ಥವಾಯಿತು. "ಲೇ! ಗಾಲಿಗೆ ಚಳಿ ಹಿಡ್ಸಿರೋಳು ನೀನೇ ಕಣೇ!"

"ನೀವ್ ಸುಮ್ಕಿರಿ. ನಿಮ್ ಗಾಡಿ ಚೈನಿಗೆ ನೀವ್ ಬುಡದು ಯಾವ್ದು? ಇದೇ ಬಾಟ್ಲೀದೇ ತಾನೆ?"

ಮಾವ ಅಂಗಳದಲ್ಲಿದ್ದ ಗಾಡಿಯ ಕಡೆ ತಿರುಗಿ ನೋಡಿದರು. ಬೆಳಗಿನ ಹೊತ್ತು ಅವರ ಗಾಡಿ ಏಕೆ ಎಳೆಯುವುದಿಲ್ಲ ಎಂದು ಒಂದು ವಾರದಿಂದ ದೂರುತ್ತಿದ್ದರು.

ಅತ್ತೆ ನಕ್ಕಳು, ಆದರೆ ಬೇಗ ನಿಲ್ಲಿಸಿದಳು. "ಹೋಗ್ಲಿ. ನಾಳಿಕ್ಕೆ ನೀರೇ ನಿಲ್ತದೆ," ಎಂದು ರೊಟ್ಟಿಯ ಕಡೆ ತಿರುಗಿದಳು. ಆ ಬೆಳಗ್ಗೆ ಭುಜ ನೋಯಿಸಿಕೊಂಡದ್ದು ಅವಳಿಗೆ ನೆನಪಿತ್ತು.

ಕೊಳವೆಯನ್ನೂ ಕಡ್ಡಿಯನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿಟ್ಟು ಕಾಲೇಜಿಗೆ ಹೋದೆ. ಬರುವಾಗ ಬಸ್‌ಸ್ಟ್ಯಾಂಡಿನ ಬಳಿ ಬಟ್ಟೆ ಹೊಲಿಯುವವರ ಅಂಗಡಿಯಲ್ಲಿ ಮೆಷಿನ್ ಎಣ್ಣೆಯ ಪುಟ್ಟ ಡಬ್ಬಿ ಕೇಳಿ ತಂದೆ. ಒಂದೇ ತೊಟ್ಟು ಬಿಟ್ಟೆ. ಗಾಲಿ ಚೆನ್ನಾಗಿ ತಿರುಗಿತು, ಆದರೆ ಸಂಜೆಯ ಬೆಚ್ಚಗಿನ ಮನೆಯಲ್ಲಿ ಕೊಬ್ಬರಿ ಎಣ್ಣೆಯ ಗಾಲಿಯೂ ಚೆನ್ನಾಗಿಯೇ ತಿರುಗುತ್ತಿತ್ತು. ಆದ್ದರಿಂದ ಅದನ್ನು ಫ್ರಿಜ್ಜಿನಲ್ಲಿಟ್ಟೆ. ಊಟದ ಹೊತ್ತಿಗೆ ಮೊಸರು ತೆಗೆಯಲು ಹೋದ ಮಾವ ಕೂಗಿದರು:

"ಇದೇನವ್ವ, ಮೊಸರಿನ ಪಕ್ಕ ಗಾಲಿ ಕುಂತೈತೆ! ನಾಳೆ ಸೈಕಲ್ನೂ ಇಡ್ತೀಯಾ?"

ಅದನ್ನು ಹೊರತೆಗೆದು ಅತ್ತೆಯ ಮುಂದೆ ಹಿಡಿದೆ. ಅವಳು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು, ಅಷ್ಟು ತಣ್ಣಗಿತ್ತು. ಮತ್ತೆ ಒಂದು ಬೆರಳಿನಿಂದ ತಟ್ಟಿದಳು. ಗಾಲಿ ತಿರುಗಿತು. ನಿಲ್ಲುವವರೆಗೂ ನೋಡಿದಳು. ಇನ್ನೊಮ್ಮೆ ತಟ್ಟಿದಳು.

"ನಾಲೆಗಿಂತ್ಲೂ ತಣ್ಣಗೈತೆ," ಎಂದಳು. ನಾಳೆ ಬೆಳಿಗ್ಗೆ ಹೋಗುವ ಮಾತು ಅವಳು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ನನಗಾಗಿ ಹೋಗುತ್ತಿದ್ದಳು, ಅದು ನನಗೆ ಬೇಡವಾಗಿತ್ತು. ಗಾಲಿಯನ್ನು ಕೋಲಿಗೆ ಕೂರಿಸಿ ಬಾಗಿಲ ಮೂಲೆಗೆ ಒರಗಿಸಿ ನನ್ನ ಕೋಣೆಗೆ ಹೋದೆ.

ಮರುದಿನ ಅಗಳಿ ಸರಿದ ಸದ್ದಿಗೆ ಎಚ್ಚರವಾಯಿತು. ಇನ್ನೂ ಕತ್ತಲು. ತಂತಿಯ ಉಂಗುರವೊಂದು ಬಾಗಿಲ ಚೌಕಟ್ಟಿಗೆ ತಾಗಿ ಟಿಣ್ ಎಂದಿತು. ಜಗಲಿಯ ಮೇಲೆ ಯಾರೂ ಕೂರಲಿಲ್ಲ. ಹೆಜ್ಜೆಗಳು ಅಂಗಳ ದಾಟಿ ತೋಟದ ಕಡೆ ಹೋದವು. ಅವಳು ನನ್ನನ್ನು ಕರೆಯಲಿಲ್ಲ. ನಾನು ಎದ್ದು ಕೂತೆ, ಚಪ್ಪಲಿಗೆ ಕಾಲು ಹಾಕಿದೆ, ಮತ್ತೆ ತೆಗೆದೆ.

ಅಡುಗೆಮನೆಯ ದೀಪ ಹಾಕಿ ಒಲೆ ಹಚ್ಚಿದೆ. ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ ಹುರಿದೆ. ಒಂದು ಕಾಯಿ ಒಡೆದು ತುರಿದೆ. ವಾಸನೆಗೆ ಎದ್ದು ಬಂದ ಮಾವ ಕಣ್ಣುಜ್ಜುತ್ತ ಪಾತ್ರೆಗಳನ್ನೆಲ್ಲ ಇಣುಕಿದರು.

"ಮೀನು ಬಂತಾ?"

"ಇಲ್ಲ ಮಾವ. ಅತ್ತೆ ಈಗ ಹೋದ್ಲು."

"ಮತ್ತೆ ಇದು?"

"ಖಾರ."

ಅವರು ಹೊರಗೆ ನಾಲೆಯ ಕಡೆ ಒಮ್ಮೆ ನೋಡಿ, ನನ್ನನ್ನು ನೋಡಿ, ಕೊಟ್ಟಿಗೆಗೆ ಹಾಲು ಕರೆಯಲು ಹೋದರು. ನಾನು ಮೂವರ ಸಾರಿಗಾಗುವಷ್ಟು ಹುಣಸೆಹಣ್ಣು ತೆಗೆದು ನೆನೆಹಾಕಿದೆ.